ಸೋರ್ಸ್ ಕೋಡ್ ಕಳೆದಿದೆ, ಪ್ರೋಗ್ರಾಮ್ ಮಾತ್ರ ಉಳಿದಿದೆ: ಕೋಡ್ ವಾಪಸ್ ಪಡೆಯುವುದು ಹೇಗೆ?

ನಾನೇ ಬರೆದಿದ್ದ ಒಂದು ಚಿಕ್ಕ ಜಾವಾ ಪ್ರೋಗ್ರಾಮ್ ಇತ್ತು. ಸಿಎಸ್‌ವಿ ಫೈಲ್ ಓದಿ ವರದಿ ತಯಾರಿಸುವುದಷ್ಟೇ ಅದರ ಕೆಲಸ. ವರ್ಷಗಟ್ಟಲೆ ತಕರಾರಿಲ್ಲದೆ ಓಡಿತು. ಒಮ್ಮೆ ನೋಡಿದರೆ ವರದಿಯ ಎರಡು ಸಾಲುಗಳಲ್ಲಿ ವರ್ಷವೇ ತಪ್ಪಾಗಿ ಬಂದಿದೆ. ಸರಿಮಾಡೋಣ ಎಂದು ಹುಡುಕಿದರೆ ಸೋರ್ಸ್ ಕೋಡ್ ಇಲ್ಲ. ಅದಿದ್ದ ಹಾರ್ಡ್ ಡಿಸ್ಕ್ ಯಾವಾಗಲೋ ಕೈಕೊಟ್ಟಿತ್ತು. ಉಳಿದಿದ್ದು ಒಂದೇ ಒಂದು ಜಾರ್ ಫೈಲ್, ಅಂದರೆ ಓಡಿಸಲು ತಯಾರಾದ ಜಾವಾ ಪ್ರೋಗ್ರಾಮಿನ ಗಂಟು.

ಇಂಥ ಹೊತ್ತಿನಲ್ಲಿ ನೆರವಿಗೆ ಬರುವುದು ಡಿಕಂಪೈಲರ್. ಕಂಪೈಲರ್ (ನಾವು ಬರೆದ ಕೋಡನ್ನು ಓಡುವ ಪ್ರೋಗ್ರಾಮ್ ಆಗಿಸುವ ಟೂಲ್) ಮಾಡಿದ್ದನ್ನು ಹಿಂದಕ್ಕೆ ತಿರುಗಿಸಲು ನೋಡುವ ಪ್ರೋಗ್ರಾಮ್ ಅದು. ಜಾರ್ ಫೈಲನ್ನು ಅದಕ್ಕೆ ಕೊಟ್ಟೆ. ಒಂದು ನಿಮಿಷದೊಳಗೆ ಕೋಡ್ ಕೈಗೆ ಬಂತು. ಬಂದದ್ದನ್ನು ಓದಿ ಅರ್ಥ ಮಾಡಿಕೊಳ್ಳಲು ಎರಡು ಸಂಜೆ ಹಿಡಿಯಿತು. ಅದೂ ನಾನೇ ಬರೆದ ಕೋಡ್! ಈ ಕೆಲಸದಲ್ಲಿ ಟೂಲ್ ಓಡಿಸುವುದು ಕಡಿಮೆ, ಓದುವುದು ಮತ್ತು ಹೆಸರಿಡುವುದು ಜಾಸ್ತಿ. ಅದಕ್ಕೇ ಈ ಲೇಖನದಲ್ಲೂ ಅದರ ಮಾತೇ ಹೆಚ್ಚು.

ಮೊದಲು: ನಿಜವಾಗಲೂ ಡಿಕಂಪೈಲ್ ಮಾಡಬೇಕಾ?

ಸೋರ್ಸ್ ಬೇರೆಲ್ಲಾದರೂ ಉಳಿದಿರಬಹುದು. ಇದನ್ನು ನೋಡದೆ ಕೆಲಸ ಶುರು ಮಾಡಬೇಡಿ. ಇಂಟೆಲಿಜೆಯಂಥ ಎಡಿಟರ್‌ಗಳು ಫೈಲಿನ ಹಳೆಯ ರೂಪಗಳನ್ನು ಲೋಕಲ್ ಹಿಸ್ಟರಿಯಲ್ಲಿ ಇಟ್ಟುಕೊಂಡಿರುತ್ತವೆ. ವಿಎಸ್ ಕೋಡ್‌ನಲ್ಲಿ ಟೈಮ್‌ಲೈನ್ ಎಂಬ ಭಾಗವಿದೆ. ಜಾವಾ ಲೈಬ್ರರಿಯಾದರೆ ಪಕ್ಕದಲ್ಲೇ 'ಸೋರ್ಸಸ್' ಎಂದು ಹೆಸರಿರುವ ಇನ್ನೊಂದು ಜಾರ್ ಇರುವುದುಂಟು. ಜಾವಾಸ್ಕ್ರಿಪ್ಟ್ ಆದರೆ .ಮ್ಯಾಪ್ ಫೈಲ್ ಇದೆಯೇ ನೋಡಿ. ಕುಗ್ಗಿಸಿದ ಕೋಡ್ ಜೊತೆ ಬರುವ ಆ ಫೈಲಿನೊಳಗೆ ಎಷ್ಟೋ ಸಲ ಮೂಲ ಕೋಡ್ ಕಾಮೆಂಟ್ ಸಮೇತ ಪೂರ್ತಿ ಇರುತ್ತದೆ. ಅದು ಸಿಕ್ಕರೆ ಈ ಲೇಖನವನ್ನು ಇಲ್ಲಿಗೇ ಬಿಡಬಹುದು.

ಇನ್ನು ಹಕ್ಕಿನ ಮಾತು. ನಿಮ್ಮದೇ ಪ್ರೋಗ್ರಾಮ್ ಆದರೆ ತೊಂದರೆಯಿಲ್ಲ. ಬೇರೆಯವರದಾದರೆ ಲೈಸೆನ್ಸ್ ಓದಿ. ಎರಡು ಪ್ರೋಗ್ರಾಮ್‌ಗಳು ಒಂದರೊಡನೊಂದು ಹೊಂದಿಕೊಂಡು ಕೆಲಸ ಮಾಡುವುದಕ್ಕಾಗಿ ಡಿಕಂಪೈಲ್ ಮಾಡಲು ಹಲವು ಕಾನೂನುಗಳು ಜಾಗ ಕೊಡುತ್ತವೆ. ಯುರೋಪಿಯನ್ ಒಕ್ಕೂಟದ 2009ರ ಸಾಫ್ಟ್‌ವೇರ್ ನಿರ್ದೇಶನದ 6ನೇ ವಿಧಿ ಇದಕ್ಕೆಂದೇ ಇದೆ. ಅಮೆರಿಕದಲ್ಲಿ 1992ರ ಸೆಗಾ ವಿರುದ್ಧ ಅಕೋಲೇಡ್ ಮೊಕದ್ದಮೆಯ ತೀರ್ಪು ಇದೇ ದಾರಿ ಹಿಡಿಯಿತು. ಆದರೆ ಇದು ಎಲ್ಲಕ್ಕೂ ಪರವಾನಗಿ ಅಲ್ಲ. ತೆಗೆದ ಕೋಡನ್ನು ನಿಮ್ಮದೆಂದು ಹಂಚುವುದು ಬೇರೆಯೇ ವಿಷಯ.

ಏನು ವಾಪಸ್ ಬರುತ್ತದೆ, ಏನು ಬರುವುದಿಲ್ಲ

ಕಾಮೆಂಟ್‌ಗಳು ಬರುವುದಿಲ್ಲ. ಯಾವ ಭಾಷೆಯಾದರೂ ಇದೇ ಕಥೆ. ಕೋಡಿನ ಸಾಲು, ಜಾಗ, ನಿಮ್ಮ ಶೈಲಿ ಇವೂ ಬರುವುದಿಲ್ಲ. ನೀವು 'ಫಾರ್' ಲೂಪ್ ಬರೆದಿದ್ದರೂ 'ವೈಲ್' ಲೂಪ್ ಬರೆದಿದ್ದರೂ ಕಂಪೈಲ್ ಆದ ಮೇಲೆ ಎರಡೂ ಒಂದೇ: ಒಂದು ಹೋಲಿಕೆ, ಒಂದು ಜಿಗಿತ. ಡಿಕಂಪೈಲರ್ ತನಗೆ ಸರಿಕಂಡದ್ದನ್ನು ಬರೆಯುತ್ತದೆ. ಅಂದರೆ ಕೈಗೆ ಬರುವುದು ನಿಮ್ಮ ಹಳೆಯ ಕೋಡ್ ಅಲ್ಲ. ಹಾಗೆಯೇ ನಡೆದುಕೊಳ್ಳುವ ಇನ್ನೊಂದು ಕೋಡ್.

ಹೆಸರುಗಳ ವಿಷಯದಲ್ಲಿ ಮಾತ್ರ ಭಾಷೆಯಿಂದ ಭಾಷೆಗೆ ಅಜಗಜಾಂತರ. ಜಾವಾ, ಸಿ ಶಾರ್ಪ್, ಪೈಥಾನ್‌ಗಳಲ್ಲಿ ಕ್ಲಾಸ್ ಮತ್ತು ಮೆಥಡ್ ಹೆಸರುಗಳು ಹಾಗೇ ಉಳಿಯುತ್ತವೆ, ಏಕೆಂದರೆ ಓಡುವಾಗಲೂ ಅವು ಬೇಕು. ಸಿ, ಸಿ ಪ್ಲಸ್ ಪ್ಲಸ್, ರಸ್ಟ್‌ನಲ್ಲಿ ಪ್ರೊಸೆಸರ್‌ಗೆ ವಿಳಾಸ ಸಾಕು, ಹೆಸರು ಬೇಡ. ಡೀಬಗ್ ಮಾಹಿತಿ (ತಪ್ಪು ಹುಡುಕಲೆಂದು ಸೇರಿಸುವ ಹೆಸರು, ಸಾಲಿನ ಸಂಖ್ಯೆ ಇತ್ಯಾದಿ) ಕಿತ್ತುಹಾಕಿದ್ದರೆ ನಿಮ್ಮ ಫಂಕ್ಷನ್‌ಗಳು ಬರೀ ನಂಬರುಗಳು.

ಒಂದು ವಸ್ತು ಮಾತ್ರ ಎಲ್ಲ ಕಡೆ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ: ಉದ್ಧರಣ ಚಿಹ್ನೆಯೊಳಗೆ ಬರೆದ ಸ್ಟ್ರಿಂಗ್‌ಗಳು. ದೋಷದ ಸಂದೇಶ, ಫೈಲ್ ಹೆಸರು, ದಿನಾಂಕದ ಮಾದರಿ, ಎಲ್ಲವೂ. ಕತ್ತಲ ಕೋಣೆಯಲ್ಲಿ ಗೋಡೆ ತಡವುವಾಗ ಕೈಗೆ ಸಿಗುವ ಸ್ವಿಚ್ ಅದು. ನೆನಪಿಟ್ಟುಕೊಳ್ಳಿ.

ಕೈಯಲ್ಲಿರುವುದು ಯಾವ ಜಾತಿಯ ಫೈಲ್?

ಮೂಲ ಫೈಲನ್ನು ಮುಟ್ಟಬೇಡಿ. ಒಂದು ನಕಲು ಮಾಡಿ, ಅದರ ಎಸ್‌ಎಚ್‌ಎ-256 ಮೊತ್ತ (ಫೈಲಿನ ಬೆರಳಚ್ಚಿನಂಥ ಅಂಕಿ) ಬರೆದಿಟ್ಟುಕೊಳ್ಳಿ. ಫೈಲ್ ಎಲ್ಲಿಂದ ಬಂತೆಂದು ಸರಿಯಾಗಿ ಗೊತ್ತಿಲ್ಲದಿದ್ದರೆ ವರ್ಚುವಲ್ ಮೆಷಿನ್ ಒಳಗೇ ಕೆಲಸ ಮಾಡಿ. ಡಿಕಂಪೈಲ್ ಮಾಡಲು ಪ್ರೋಗ್ರಾಮನ್ನು ಓಡಿಸುವ ಅಗತ್ಯವೇ ಇಲ್ಲ.

ಎಕ್ಸ್‌ಟೆನ್ಷನ್ ನಂಬಬೇಡಿ, ಮೊದಲ ಬೈಟ್‌ಗಳನ್ನು ನೋಡಿ. ಲಿನಕ್ಸ್‌ನಲ್ಲಿ 'ಫೈಲ್' ಕಮಾಂಡ್ ಇದನ್ನೇ ಮಾಡುತ್ತದೆ. ಜಾವಾ ಕ್ಲಾಸ್ ಫೈಲಿನ ಮೊದಲ ನಾಲ್ಕು ಬೈಟ್‌ಗಳನ್ನು ಹೆಕ್ಸ್‌ನಲ್ಲಿ ಓದಿದರೆ 'ಕೆಫೆ ಬೇಬ್' ಎಂದಾಗುತ್ತದೆ. ಜಾವಾ ಮಾಡಿದವರ ತಮಾಷೆ. ಜಾರ್ ಮತ್ತು ಎಪಿಕೆ (ಆಂಡ್ರಾಯ್ಡ್ ಆಪ್ ಬರುವ ಫೈಲ್) ನಿಜಕ್ಕೂ ಜಿಪ್ ಫೈಲ್‌ಗಳು, 'ಪಿಕೆ' ಅಕ್ಷರಗಳಿಂದ ಶುರುವಾಗುತ್ತವೆ. ವಿಂಡೋಸ್‌ನ ಇಎಕ್ಸ್‌ಇ 'ಎಂಜೆಡ್' ಎಂದು ಶುರು. ಆದರೆ ಇಎಕ್ಸ್‌ಇ ಕಂಡ ಕೂಡಲೇ ಸಿ ಭಾಷೆಯ ಪ್ರೋಗ್ರಾಮ್ ಎಂದುಕೊಳ್ಳಬೇಡಿ. ಅದರೊಳಗೆ ಡಾಟ್‌ನೆಟ್ (ಸಿ ಶಾರ್ಪ್‌ನಂಥ ಭಾಷೆಗಳು ಓಡುವ ಮೈಕ್ರೋಸಾಫ್ಟ್ ವೇದಿಕೆ) ಇರಬಹುದು. ಪೈಇನ್‌ಸ್ಟಾಲರ್‌ನಿಂದ ಕಟ್ಟಿದ ಪೈಥಾನ್ ಇರಬಹುದು. ಯುಪಿಎಕ್ಸ್ ಎಂಬ ಕುಗ್ಗಿಸುವ ಟೂಲ್‌ನಿಂದ ಒತ್ತಿಟ್ಟ ಬೇರೇನೋ ಇರಬಹುದು. ಯುಪಿಎಕ್ಸ್ ಆದರೆ ಅದೇ ಟೂಲ್ ತನ್ನ ಗಂಟನ್ನು ತಾನೇ ಬಿಚ್ಚುತ್ತದೆ. ಇದನ್ನು ನೋಡಿಕೊಳ್ಳದೆ ನಾನು ಒಮ್ಮೆ ಅರ್ಧ ದಿನ ಬರೀ ಬಿಚ್ಚುವ ಕೋಡನ್ನೇ ಓದುತ್ತಾ ಕೂತಿದ್ದೆ.

ಜಾವಾ: ಸುಲಭದ ದಾರಿ, ಕೆಲವು ಗುಂಡಿಗಳು

ಮೊದಲು ಆವೃತ್ತಿ ತಿಳಿಯಿರಿ. ಜಾವಾ ಕಿಟ್ ಜೊತೆಗೇ ಬರುವ ಜಾವಾಪಿ ಕಮಾಂಡನ್ನು ವರ್ಬೋಸ್ ಆಯ್ಕೆಯೊಡನೆ ಓಡಿಸಿದರೆ 'ಮೇಜರ್ ವರ್ಷನ್' ತೋರಿಸುತ್ತದೆ. 52 ಅಂದರೆ ಜಾವಾ 8, 55 ಅಂದರೆ 11, 61 ಅಂದರೆ 17, 65 ಅಂದರೆ 21. ಕೊನೆಗೆ ಮತ್ತೆ ಕಂಪೈಲ್ ಮಾಡುವಾಗ ಇದೇ ಆವೃತ್ತಿ ಬೇಕಾಗುತ್ತದೆ.

ಆಮೇಲೆ ಡಿಕಂಪೈಲರ್. ಸಿಎಫ್‌ಆರ್ ಒಂದೇ ಜಾರ್ ಫೈಲ್ ಆಗಿ ಬರುತ್ತದೆ. ನಿಮ್ಮ ಜಾರ್‌ನ ಹೆಸರು ಮತ್ತು ಔಟ್‌ಪುಟ್ ಫೋಲ್ಡರ್ ಕೊಟ್ಟರೆ ಸಾಕು. ಇನ್ನೊಂದು ವೈನ್‌ಫ್ಲವರ್. ಇದು ಫರ್ನ್‌ಫ್ಲವರ್‌ನ ಮುಂದಿನ ಕವಲು. ಇಂಟೆಲಿಜೆಯಲ್ಲಿ ಕ್ಲಾಸ್ ಫೈಲ್ ತೆರೆದಾಗ ಕಾಣುವ ಕೋಡ್ ಫರ್ನ್‌ಫ್ಲವರ್‌ನದು. ನನ್ನ ಸಲಹೆ: ಎರಡನ್ನೂ ಓಡಿಸಿ, ಬೇರೆಬೇರೆ ಫೋಲ್ಡರ್‌ನಲ್ಲಿಡಿ. ಒಂದು ಎಡವಿದ ಮೆಥಡ್‌ನಲ್ಲಿ ಇನ್ನೊಂದು ನೆಟ್ಟಗೆ ನಡೆದಿರುತ್ತದೆ. ಎರಡೂ ಕೈಚೆಲ್ಲಿದರೆ ಜಾವಾಪಿ ಬೈಟ್‌ಕೋಡ್ (ಕಂಪೈಲರ್ ಬರೆದಿಟ್ಟ ಚಿಕ್ಕ ಚಿಕ್ಕ ಸೂಚನೆಗಳು) ತೋರಿಸುತ್ತದೆ. ಅದನ್ನು ಕೈಯಾರೆ ಓದುವುದು ಕೇಳಿದಷ್ಟು ಕಷ್ಟವಲ್ಲ.

ಬಂದ ಕೋಡ್‌ನಲ್ಲಿ ಕೆಲವು ವಿಚಿತ್ರಗಳು ಕಾಣಬಹುದು. ಅವಕ್ಕೆ ಕಾರಣ ಗೊತ್ತಿದ್ದರೆ ಗಾಬರಿಯಾಗುವುದಿಲ್ಲ.

ಎಲ್ಲಾ ಕಡೆ ಬರೀ ಅಂಕಿಗಳು ಕಾಣುತ್ತವೆಯೇ? ನೀವು 'ಗರಿಷ್ಠ ಪ್ರಯತ್ನ' ಎಂದು ಹೆಸರಿಟ್ಟು 5 ಎಂಬ ಸ್ಥಿರ ಬೆಲೆ ಕೊಟ್ಟಿದ್ದರೆ, ಜಾವಾ ಕಂಪೈಲರ್ ಅದನ್ನು ಬಳಸಿದ ಕಡೆಯೆಲ್ಲ ನೇರವಾಗಿ 5 ಎಂದೇ ಬರೆದುಬಿಡುತ್ತದೆ. ಹೆಸರು ಘೋಷಣೆಯಲ್ಲಿ ಮಾತ್ರ ಉಳಿಯುತ್ತದೆ. ಘೋಷಣೆಗಳ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಜೋಡಿಸಬೇಕು. ಎಲ್ಲ 5ಗಳೂ ಅದೇ 5 ಅಲ್ಲ, ಹುಷಾರು.

ಸ್ಟ್ರಿಂಗ್ ಮೇಲೆ 'ಸ್ವಿಚ್' ಬರೆದಿದ್ದರೆ ಅದು ಎರಡು ಹಂತವಾಗಿ ಒಡೆದಿರುತ್ತದೆ. ಮೊದಲು ಹ್ಯಾಶ್‌ಕೋಡ್‌ನ ದೊಡ್ಡ ಅಂಕಿಗಳ ಮೇಲೆ ಒಂದು ಸ್ವಿಚ್, ಒಳಗೆ ಸಮ ಇದೆಯೇ ಎಂಬ ಪರೀಕ್ಷೆ. ಒಳ್ಳೆಯ ಡಿಕಂಪೈಲರ್ ಇದನ್ನು ಮತ್ತೆ ಜೋಡಿಸುತ್ತದೆ. ಜೋಡಿಸದಿದ್ದರೆ ನೀವೇ ಜೋಡಿಸಿ. ಲ್ಯಾಂಬ್ಡಾಗಳು (ಹೆಸರಿಲ್ಲದ ಚಿಕ್ಕ ಫಂಕ್ಷನ್‌ಗಳು) ಬೇರೆ ಮೆಥಡ್‌ಗಳಾಗಿ, ಡಾಲರ್ ಗುರುತಿನ ಹೆಸರು ಹೊತ್ತು ಕೂತಿರುತ್ತವೆ. 'ಫೈನಲಿ' ಭಾಗದ ಕೋಡ್ ಎರಡು ಮೂರು ಕಡೆ ನಕಲಾಗಿರುತ್ತದೆ. ನೀವು ಹಾಗೆ ಬರೆದಿರಲಿಲ್ಲ, ಕಂಪೈಲರ್ ಹಾಗೆ ಹರಡಿದ್ದು.

ಒಳಗಿನ ವೇರಿಯಬಲ್‌ಗಳ ಹೆಸರು ಅದೃಷ್ಟದ ಮೇಲೆ ನಿಂತಿದೆ. ಜಾವಾ ಕಂಪೈಲರನ್ನು ಸುಮ್ನೆ ಓಡಿಸಿದರೆ ಸಾಲಿನ ಸಂಖ್ಯೆ ಮತ್ತು ಸೋರ್ಸ್ ಫೈಲಿನ ಹೆಸರು ಮಾತ್ರ ಸೇರಿಸುತ್ತದೆ, ವೇರಿಯಬಲ್ ಹೆಸರು ಸೇರಿಸುವುದಿಲ್ಲ. ಮೇವನ್ ಎಂಬ ಬಿಲ್ಡ್ ಟೂಲ್‌ನಿಂದ ಕಟ್ಟಿದ್ದರೆ ಡೀಬಗ್ ಮಾಹಿತಿ ತಾನಾಗಿಯೇ ಸೇರಿರುತ್ತದೆ. ನನ್ನದು ಮೇವನ್ ಇರಲಿಲ್ಲ. ಹಾಗಾಗಿ ಕೋಡ್ ತುಂಬಾ 'ವಾರ್1', 'ವಾರ್2', 'ವಾರ್3'. ಆದರೆ ಆ ಸಾಲಿನ ಸಂಖ್ಯೆಗಳಿಂದ ಒಂದು ಮಜಾ ಸಂಗತಿ ಸಿಕ್ಕಿತು. 41ನೇ ಸಾಲಿನಿಂದ ನೇರ 52ಕ್ಕೆ ಜಿಗಿದಿತ್ತು. ನಡುವೆ ನಾನು ಉದ್ದವಾದ ಕಾಮೆಂಟ್ ಬರೆದಿದ್ದೆ ಅಂತ ಕಾಣುತ್ತದೆ. ಏನು ಬರೆದಿದ್ದೆನೋ ಯಾರಿಗೆ ಗೊತ್ತು.

ಆಂಡ್ರಾಯ್ಡ್ ಆಪ್ ಆದರೆ ಜ್ಯಾಡ್ಎಕ್ಸ್ ಬಳಸಿ. ಎಪಿಕೆ ಫೈಲನ್ನು ಅದರ ಕಿಟಕಿಯೊಳಗೆ ಎಳೆದುಹಾಕಿದರೆ ಕೋಡ್, ಮ್ಯಾನಿಫೆಸ್ಟ್, ರಿಸೋರ್ಸ್ ಎಲ್ಲ ತೆರೆದುಕೊಳ್ಳುತ್ತವೆ. ಕೋಡ್ ಕುಗ್ಗಿಸಿ ಹೆಸರು ಬದಲಿಸುವ ಪ್ರೋಗಾರ್ಡ್ ಅಥವಾ ಆರ್8 ಹಾದು ಬಂದ ಆಪ್ ಆಗಿದ್ದರೆ ಕ್ಲಾಸ್‌ಗಳ ಹೆಸರು ಎ, ಬಿ, ಸಿ ಆಗಿರುತ್ತದೆ. ನಿಮ್ಮದೇ ಆಪ್ ಆಗಿದ್ದು, ಕಟ್ಟುವಾಗ ಹುಟ್ಟಿದ 'ಮ್ಯಾಪಿಂಗ್' ಫೈಲ್ ಎಲ್ಲಾದರೂ ಇಟ್ಟಿದ್ದರೆ ಹಳೆಯ ಹೆಸರುಗಳು ವಾಪಸ್ ಸಿಗುತ್ತವೆ.

ಡಾಟ್‌ನೆಟ್ ಮತ್ತು ಪೈಥಾನ್

ಡಾಟ್‌ನೆಟ್ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಅಷ್ಟು ಸುಲಭ. ಐಎಲ್‌ಸ್ಪೈ ತೆರೆಯಿರಿ, ಡಿಎಲ್‌ಎಲ್ ಅಥವಾ ಇಎಕ್ಸ್‌ಇ ಹಾಕಿ, ಫೈಲ್ ಮೆನುವಿನಲ್ಲಿ 'ಸೇವ್ ಕೋಡ್' ಒತ್ತಿ. ಪೂರ್ತಿ ಪ್ರಾಜೆಕ್ಟ್ ಆಗಿ ಬರುತ್ತದೆ. ಪಕ್ಕದಲ್ಲಿ ಪಿಡಿಬಿ ಫೈಲ್ ಇದ್ದರೆ ಒಳಗಿನ ವೇರಿಯಬಲ್ ಹೆಸರುಗಳೂ ಸಿಗುತ್ತವೆ.

ಪೈಥಾನ್ ನೋಡಲು ಸುಲಭ, ಕೈ ಹಾಕಿದರೆ ಕಿರಿಕಿರಿ. 'ಪೈಕ್ಯಾಶ್' ಫೋಲ್ಡರ್‌ನಲ್ಲಿರುವ .ಪಿವೈಸಿ ಫೈಲಿನ ಹೆಸರಲ್ಲೇ ಆವೃತ್ತಿ ಬರೆದಿರುತ್ತದೆ: 'ಸಿಪೈಥಾನ್-38' ಅಂದರೆ 3.8. ವೇರಿಯಬಲ್ ಹೆಸರುಗಳು, ಡಾಕ್‌ಸ್ಟ್ರಿಂಗ್‌ಗಳು ಸಾಮಾನ್ಯವಾಗಿ ಒಳಗೇ ಇರುತ್ತವೆ. 3.8ರ ತನಕದ್ದಕ್ಕೆ ಅನ್‌ಕಂಪೈಲ್6 ಚೆನ್ನಾಗಿ ಕೆಲಸ ಮಾಡುತ್ತದೆ. ಅದರ ಮೇಲಿನದಕ್ಕೆ ಪಿವೈಸಿಡಿಸಿ ಪ್ರಯತ್ನಿಸಿ, ಆದರೆ ಪೂರ್ತಿ ಬರುತ್ತದೆಂಬ ಭರವಸೆ ಬೇಡ. ಪೈಥಾನ್‌ನ ಬೈಟ್‌ಕೋಡ್ ಪ್ರತಿ ಆವೃತ್ತಿಯಲ್ಲೂ ಬದಲಾಗುತ್ತದೆ. 3.11ರಲ್ಲಿ 'ಟ್ರೈ' ಭಾಗವನ್ನು ಬರೆದಿಡುವ ರೀತಿಯೇ ಬೇರೆಯಾಯಿತು. ಅರ್ಧಕ್ಕೆ ನಿಂತ ಫಂಕ್ಷನ್‌ಗಳನ್ನು ಪೈಥಾನ್‌ನದೇ 'ಡಿಸ್' ಮಾಡ್ಯೂಲ್‌ನಿಂದ ತೆರೆದು ಕೈಯಲ್ಲಿ ಬರೆದುಕೊಳ್ಳಬೇಕಾಗುತ್ತದೆ. 'ಡಿಸ್' ಬಳಸುವಾಗ ಫೈಲ್ ಹುಟ್ಟಿದ ಆವೃತ್ತಿಯ ಪೈಥಾನನ್ನೇ ಬಳಸಿ, ಇಲ್ಲದಿದ್ದರೆ ಕಸ ಬರುತ್ತದೆ. 3.7ರಿಂದ ಈಚೆಗೆ ಫೈಲಿನ ಮೊದಲ 16 ಬೈಟ್ ತಲೆಬರಹ. ಅದನ್ನು ಬಿಟ್ಟು ಮುಂದಿನದನ್ನು ಓದಬೇಕು.

ಮೆಷಿನ್ ಕೋಡ್: ನಿಜವಾದ ಕಸರತ್ತು

ಸಿ ಅಥವಾ ಸಿ ಪ್ಲಸ್ ಪ್ಲಸ್ ಪ್ರೋಗ್ರಾಮ್ ಆದರೆ ಆಟವೇ ಬೇರೆ. ಇಲ್ಲಿ ಯಾವುದು ಕೋಡ್, ಯಾವುದು ಡೇಟಾ ಎಂದು ಬೇರೆ ಮಾಡುವುದೇ ಒಂದು ಸಮಸ್ಯೆ. ಕ್ರಿಸ್ಟಿನಾ ಸಿಫುಯೆಂಟೆಸ್ 1994ರಲ್ಲಿ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಈ ಕೆಲಸಕ್ಕೆ ಒಂದು ಕ್ರಮ ಹಾಕಿಕೊಟ್ಟರು. ಡಾಸ್ ಪ್ರೋಗ್ರಾಮ್‌ಗಳಿಗೆ ಡಿಸಿಸಿ ಎಂಬ ಡಿಕಂಪೈಲರ್ ಕೂಡ ಕಟ್ಟಿದರು. ಬಹಳ ಕಾಲ ಒಳ್ಳೆಯ ಟೂಲ್ ಬೇಕೆಂದರೆ ಐಡಿಎ ಎಂಬ ಟೂಲ್ ಜೊತೆ ಹೆಕ್ಸ್-ರೇಸ್ ಡಿಕಂಪೈಲರ್ ಕೊಳ್ಳಬೇಕಿತ್ತು. 2019ರ ಮಾರ್ಚ್‌ನಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಇಂಥದೇ ತನ್ನ ಟೂಲ್ ಘಿಡ್ರಾವನ್ನು ಪುಕ್ಕಟೆಯಾಗಿ ಹೊರಗೆ ಬಿಟ್ಟಿತು. ಶುರು ಮಾಡುವವರಿಗೆ ನಾನು ಹೇಳುವುದು ಅದನ್ನೇ.

ಘಿಡ್ರಾದಲ್ಲಿ ಹೊಸ ಪ್ರಾಜೆಕ್ಟ್ ಮಾಡಿ, ಫೈಲನ್ನು ಇಂಪೋರ್ಟ್ ಮಾಡಿ, ಎರಡು ಸಲ ಕ್ಲಿಕ್ ಮಾಡಿ ತೆರೆಯಿರಿ. ವಿಶ್ಲೇಷಣೆ ಮಾಡಲೇ ಎಂದು ಕೇಳುತ್ತದೆ, ಹೌದು ಎನ್ನಿ. ದೊಡ್ಡ ಫೈಲ್ ಆದರೆ ಸ್ವಲ್ಪ ಹೊತ್ತು ಕಾಯಬೇಕು. ಮುಗಿದ ಮೇಲೆ ನಡುವೆ ಅಸೆಂಬ್ಲಿ (ಪ್ರೊಸೆಸರ್‌ನ ಸೂಚನೆಗಳು), ಪಕ್ಕದಲ್ಲಿ ಸಿ ಭಾಷೆಯಂಥ ಕೋಡ್ ಕಾಣುತ್ತದೆ. ಎಡಗಡೆ ಫಂಕ್ಷನ್‌ಗಳ ಪಟ್ಟಿ: 'ಫನ್_' ಎಂದು ಶುರುವಾಗಿ ಮುಂದೆ ವಿಳಾಸ. ಸಾವಿರಾರು ಇರಬಹುದು.

ಹೊಸಬರು ಮಾಡುವ ತಪ್ಪು ಇಲ್ಲೇ. ಮೇಲಿನಿಂದ ಕೆಳಗೆ ಓದಲು ಶುರು ಮಾಡುತ್ತಾರೆ. ಮೂರನೇ ಫಂಕ್ಷನ್ ಹೊತ್ತಿಗೆ ತಲೆ ಕೆಡುತ್ತದೆ. ಅದರಲ್ಲಿ ಬಹುಪಾಲು ಕಂಪೈಲರ್ ಮತ್ತು ಲೈಬ್ರರಿಗಳು ಸೇರಿಸಿದ ಕೋಡ್, ನಿಮ್ಮದಲ್ಲ. ಗೊತ್ತಿರುವ ಜಾಗದಿಂದ ಗೊತ್ತಿಲ್ಲದ ಕಡೆಗೆ ನಡೆಯಿರಿ.

ಗೊತ್ತಿರುವ ಜಾಗ ಯಾವುದು? ಸ್ಟ್ರಿಂಗ್‌ಗಳು, ಅಲ್ವಾ? 'ಡಿಫೈನ್ಡ್ ಸ್ಟ್ರಿಂಗ್ಸ್' ಕಿಟಕಿ ತೆರೆಯಿರಿ. ಪ್ರೋಗ್ರಾಮ್ ಪರದೆಯ ಮೇಲೆ ತೋರಿಸುವ ಒಂದು ಸಂದೇಶವನ್ನು ಹುಡುಕಿ. ಅದನ್ನು ಯಾರು ಬಳಸುತ್ತಾರೆ ಎಂದು ರೆಫರೆನ್ಸ್ ನೋಡಿ. ನೇರವಾಗಿ ಬೇಕಾದ ಫಂಕ್ಷನ್ ಬಾಗಿಲಿಗೆ ಬಂದು ನಿಲ್ಲುತ್ತೀರಿ. ಎರಡನೇ ಗೊತ್ತಿರುವ ಜಾಗ ಇಂಪೋರ್ಟ್‌ಗಳು: ಫೈಲ್ ತೆರೆಯುವ, ನೆಟ್‌ವರ್ಕ್‌ಗೆ ಕಳಿಸುವ ಫಂಕ್ಷನ್‌ಗಳು ಆಪರೇಟಿಂಗ್ ಸಿಸ್ಟಮ್‌ನವು. ಹೊರಗಿನ ಲೈಬ್ರರಿಗಳಿಂದ ಬರುವಾಗ ಅವುಗಳ ಹೆಸರು ಅಳಿಸುವಂತಿಲ್ಲ. ಮೂರನೆಯದು 'ಮೇನ್'. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಪ್ರವೇಶದ ಕೋಡ್ 'ಲಿಬ್‌ಸಿ ಸ್ಟಾರ್ಟ್ ಮೇನ್' ಎಂಬುದನ್ನು ಕರೆಯುತ್ತದೆ. ಅದಕ್ಕೆ ಕೊಡುವ ಮೊದಲ ಆರ್ಗ್ಯುಮೆಂಟೇ ನಿಮ್ಮ ಮೇನ್.

ಒಂದು ಫಂಕ್ಷನ್ ಅರ್ಥವಾದ ಕೂಡಲೇ ಅದಕ್ಕೆ ಹೆಸರಿಡಿ. ಎಲ್ ಕೀಲಿ ಒತ್ತಿದರೆ ಹೆಸರು ಬದಲಿಸಬಹುದು. ಪೂರ್ತಿ ಖಾತ್ರಿ ಇಲ್ಲದಿದ್ದರೂ ಇಡಿ. 'ಬಹುಶಃ_ಫೈಲ್_ಓದು' ಎಂಬ ಹೆಸರು 'ಫನ್_00401a30' ಎಂಬುದಕ್ಕಿಂತ ಸಾವಿರ ಪಾಲು ವಾಸಿ. ಒಂದು ಹೆಸರು ಇಟ್ಟ ತಕ್ಷಣ ಅದನ್ನು ಕರೆಯುವ ಹತ್ತು ಕಡೆ ಬೆಳಕು ಬೀಳುತ್ತದೆ. ಅಲ್ಲಿಂದ ಇನ್ನೆರಡು ಹೆಸರು ಹೊಳೆಯುತ್ತವೆ. ಪದಬಂಧ ತುಂಬಿದ ಹಾಗೆ.

ಹೆಸರಿಗಿಂತಲೂ ಟೈಪ್ ಸರಿಪಡಿಸುವುದರಿಂದ ಲಾಭ ಜಾಸ್ತಿ. ಮೊದಲ ಪ್ಯಾರಾಮೀಟರ್‌ಗೆ 8 ಕೂಡಿಸಿ ಓದು, 16 ಕೂಡಿಸಿ ಬರೆ, 24 ಕೂಡಿಸಿ ಹೋಲಿಸು ಎಂದೆಲ್ಲ ಕಂಡರೆ ಅದೊಂದು ಸ್ಟ್ರಕ್ಚರ್ (ಹಲವು ಬೆಲೆಗಳನ್ನು ಒಟ್ಟಿಗಿಟ್ಟ ಕಟ್ಟು) ಎಂದು ತಿಳಿಯಿರಿ. ಅದರ ಮೇಲೆ ಬಲ ಕ್ಲಿಕ್ ಮಾಡಿದರೆ ತಾನಾಗಿಯೇ ಸ್ಟ್ರಕ್ಚರ್ ಕಟ್ಟುವ ಆಯ್ಕೆ ಇದೆ. ಆಮೇಲೆ ಒಂದೊಂದೇ ಜಾಗಕ್ಕೆ ಹೆಸರು ಕೊಡುತ್ತಾ ಹೋದರೆ ಕೂಡುವ ಲೆಕ್ಕಗಳೆಲ್ಲ ಮಾಯವಾಗಿ ಓದುವಂಥ ಕೋಡ್ ಆಗುತ್ತದೆ. ಈ ಬದಲಾವಣೆ ಕಣ್ಣೆದುರೇ ಆಗುವುದನ್ನು ನೋಡುವುದೇ ಒಂದು ಖುಷಿ.

ಕೆಲವೊಮ್ಮೆ ಅರ್ಥವೇ ಇಲ್ಲದ ದೊಡ್ಡ ಅಂಕಿ ಎದುರಾಗುತ್ತದೆ. 3435973837ರಿಂದ ಗುಣಿಸಿ 35 ಬಿಟ್ ಬಲಕ್ಕೆ ಸರಿಸಿದ್ದಾರೆ ಅನ್ನಿ. ಇದು ಯಾವ ಗುಪ್ತ ಲಿಪಿಯೂ ಅಲ್ಲ, 10ರಿಂದ ಭಾಗಾಕಾರ ಅಷ್ಟೇ. ಪ್ರೊಸೆಸರ್‌ಗೆ ಭಾಗಿಸುವುದು ನಿಧಾನ, ಗುಣಿಸುವುದು ಬೇಗ. ಅದಕ್ಕೇ ಕಂಪೈಲರ್ ಹೀಗೆ ತಿರುಗಿಸುತ್ತದೆ. ಬೇರೆ ಕೆಲವು ಅಂಕಿಗಳು ಹೆಸರಾಂತ ಲೆಕ್ಕಗಳ ಗುರುತು ಚೀಟಿ. ಸಿಆರ್‌ಸಿ-32, ಎಂಡಿ5, ಎಸ್‌ಎಚ್‌ಎ-256 ಇವಕ್ಕೆಲ್ಲ ತಮ್ಮದೇ ಸ್ಥಿರ ಅಂಕಿಗಳಿವೆ. ಅನುಮಾನ ಬಂದ ಅಂಕಿಯನ್ನು ಹೆಕ್ಸ್‌ಗೆ ತಿರುಗಿಸಿ ಹುಡುಕಿ. ನೂರು ಸಾಲು ಓದುವ ಶ್ರಮ ಉಳಿಯಬಹುದು.

ಅಭ್ಯಾಸ ಬೇಕಾದರೆ ಇಪ್ಪತ್ತು ಸಾಲಿನ ಸಿ ಪ್ರೋಗ್ರಾಮ್ ನೀವೇ ಬರೆಯಿರಿ. ಒಮ್ಮೆ ಆಪ್ಟಿಮೈಸ್ ಮಾಡದೆ, ಒಮ್ಮೆ ಎರಡನೇ ಹಂತದ ಆಪ್ಟಿಮೈಸೇಷನ್ ಹಾಕಿ ಕಂಪೈಲ್ ಮಾಡಿ. ಎರಡನ್ನೂ ಘಿಡ್ರಾದಲ್ಲಿ ತೆರೆಯಿರಿ. ಮೊದಲನೆಯದು ನೀವು ಬರೆದ ಹಾಗೇ ಕಾಣುತ್ತದೆ. ಎರಡನೆಯದರಲ್ಲಿ ಚಿಕ್ಕ ಫಂಕ್ಷನ್‌ಗಳು ಕರೆದವರೊಳಗೇ ಕರಗಿಹೋಗಿರುತ್ತವೆ. ಉತ್ತರ ಗೊತ್ತಿರುವ ಪ್ರಶ್ನೆಪತ್ರಿಕೆ ಇದು, ಹತ್ತು ಪಾಠ ಓದುವುದಕ್ಕಿಂತ ಹೆಚ್ಚು ಕಲಿಸುತ್ತದೆ.

ಹೆಸರು ಸೂಚಿಸಲು ಎಐ ಮಾಡೆಲ್‌ಗಳನ್ನು ಕೇಳುವುದೂ ಈಗ ರೂಢಿ. ನಾನೂ ಕೇಳುತ್ತೇನೆ. ಹೆಸರುಗಳು ಚೆನ್ನಾಗೇ ಇರುತ್ತವೆ. ಆದರೆ ಅವು ಅಷ್ಟೇ ಧೈರ್ಯದಿಂದ ತಪ್ಪನ್ನೂ ಹೇಳುತ್ತವೆ. ಕೋಡನ್ನು 'ಚೆಂದ ಮಾಡಿಕೊಡು' ಎಂದರೆ ಒಂದು 'ಚಿಕ್ಕದು ಅಥವಾ ಸಮ' ಸದ್ದಿಲ್ಲದೆ ಬರೀ 'ಚಿಕ್ಕದು' ಆಗಿಬಿಡಬಹುದು. ಬೇರೆಯವರ ಕೋಡನ್ನು ಅಲ್ಲಿಗೆ ಹಾಕುವ ಮುನ್ನ ಹಕ್ಕಿನ ಮಾತು ಮತ್ತೊಮ್ಮೆ ನೆನಪಿಸಿಕೊಳ್ಳಿ.

ಸರಿಯಾಗಿದೆಯೇ ಎಂದು ನೋಡುವುದು

ಇದನ್ನು ಬಿಟ್ಟರೆ ಮೇಲಿನದೆಲ್ಲ ವ್ಯರ್ಥ. ಬಂದ ಕೋಡ್ ಮೊದಲ ಸಲಕ್ಕೇ ಕಂಪೈಲ್ ಆಗುವುದು ಅಪರೂಪ. ಜಾವಾದಲ್ಲಿ ಟೈಪ್ ಕ್ಯಾಸ್ಟ್ ಮತ್ತು ಜೆನೆರಿಕ್ಸ್ ಗಲಾಟೆ ಸರಿಮಾಡಿದರೆ ಸಾಮಾನ್ಯವಾಗಿ ದಾರಿಗೆ ಬರುತ್ತದೆ. ಕಂಪೈಲ್ ಆದ ಮೊದಲ ಕ್ಷಣವೇ ಗಿಟ್‌ನಲ್ಲಿ ಕಮಿಟ್ ಮಾಡಿ, ಅಂದರೆ ಆ ರೂಪವನ್ನು ಉಳಿಸಿಟ್ಟುಕೊಳ್ಳಿ. ಹೆಸರು ಬದಲಿಸುವ ಕೆಲಸ ಆಮೇಲೆ, ಸಣ್ಣ ಸಣ್ಣ ಕಮಿಟ್‌ಗಳಾಗಿ.

ಮುಖ್ಯವಾದ ನಿಯಮ ಒಂದಿದೆ: ಹಳೆಯ ತಪ್ಪನ್ನು ಈಗಲೇ ಸರಿಮಾಡಬೇಡಿ. ಮೊದಲು ಹೊಸದು ಹಳೆಯದರಂತೆಯೇ, ತಪ್ಪು ಸಮೇತ, ನಡೆಯಲಿ. ಒಂದೇ ಇನ್‌ಪುಟ್ ಎರಡಕ್ಕೂ ಕೊಡಿ, ಬಂದ ಫಲಿತಾಂಶಗಳನ್ನು ಡಿಫ್ ಮಾಡಿ, ಅಂದರೆ ಸಾಲು ಸಾಲಾಗಿ ಹೋಲಿಸಿ. ಖಾಲಿ ಫೈಲ್, ಋಣ ಸಂಖ್ಯೆ, ವರ್ಷದ ಕೊನೆ, ಫೆಬ್ರವರಿ 29, ಇಂಥವನ್ನೆಲ್ಲ ಸೇರಿಸಿ. ಇನ್ನೂ ಗಟ್ಟಿ ಪರೀಕ್ಷೆ ಬೇಕಾದರೆ ಹಳೆಯ ಮತ್ತು ಹೊಸ ಕ್ಲಾಸ್‌ಗಳ ಬೈಟ್‌ಕೋಡನ್ನು ಜಾವಾಪಿಯಿಂದ ತೆಗೆದು ಹೋಲಿಸಿ. ಕೆಲವರು ಇದನ್ನು ಕೊನೆಯ ತನಕ ಎಳೆಯುತ್ತಾರೆ. ಸೂಪರ್ ಮಾರಿಯೋ 64 ಆಟವನ್ನು ಅಭಿಮಾನಿಗಳು ಸಿ ಕೋಡ್‌ಗೆ ತಿರುಗಿಸಿದಾಗ ಗುರಿ ಇದ್ದದ್ದು ಒಂದೇ: ಹಳೆಯ ಕಂಪೈಲರ್‌ನಿಂದಲೇ ಕಂಪೈಲ್ ಮಾಡಿದರೆ ಮೂಲ ಆಟದ ಪ್ರತಿಯೊಂದು ಬೈಟೂ ಹಾಗೇ ಬರಬೇಕು. ಅದನ್ನು ಸಾಧಿಸಿಯೂ ಬಿಟ್ಟರು.

ನನ್ನ ಪ್ರೋಗ್ರಾಮ್‌ಗೆ ಅಷ್ಟೆಲ್ಲ ಬೇಕಿರಲಿಲ್ಲ. ಹಳೆಯ ಇನ್‌ಪುಟ್ ಫೈಲ್‌ಗಳನ್ನೆಲ್ಲ ಎರಡರಲ್ಲೂ ಓಡಿಸಿದೆ. ಡಿಫ್ ಖಾಲಿ ಬಂತು. ಆಮೇಲೆ ತಪ್ಪು ಹುಡುಕಲು ಕೂತೆ. ಮೊದಲು ನೋಡಿದ್ದೇ ಸ್ಟ್ರಿಂಗ್‌ಗಳನ್ನು. ದಿನಾಂಕದ ಮಾದರಿಯಲ್ಲಿ ವರ್ಷಕ್ಕೆ ಚಿಕ್ಕ ವೈ ಬದಲು ದೊಡ್ಡ ವೈ ಬರೆದಿದ್ದೆ. ಜಾವಾದಲ್ಲಿ ದೊಡ್ಡ ವೈ ಅಂದರೆ ವಾರದ ಲೆಕ್ಕದ ವರ್ಷ. ಡಿಸೆಂಬರ್ ಕೊನೆಯ ದಿನಗಳು ಮುಂದಿನ ವರ್ಷದ ಮೊದಲ ವಾರಕ್ಕೆ ಸೇರಿದರೆ ಅದು ಮುಂದಿನ ವರ್ಷವನ್ನೇ ತೋರಿಸುತ್ತದೆ. ನಾಲ್ಕು ಅಕ್ಷರ ಬದಲಿಸಿ ಮತ್ತೆ ಡಿಫ್ ಓಡಿಸಿದೆ. ಈ ಸಲ ಎರಡು ಸಾಲು ಮಾತ್ರ ಬೇರೆ ಬಂದವು, 2019ರ ಡಿಸೆಂಬರ್ 30 ಮತ್ತು 31ರವು. ಹಳೆಯದರಲ್ಲಿ ವರ್ಷ 2020, ಹೊಸದರಲ್ಲಿ 2019.